ಗೋಲ್ಡ್‌ಫಿಶ್ ಕತೆ ಬಿಡಿ, ಸ್ಲೈಡಿನ ಸಾಲು ಕಡಿಮೆ ಮಾಡಿ

ಸಂಪಾದಕರಿಗೆ ನಮಸ್ಕಾರ,

ಪ್ರೆಸೆಂಟೇಶನ್ ಕೊಡುವಾಗ ಕೇಳುಗರ ಮಿದುಳನ್ನು ಹೇಗೆ ‘ಗೆಲ್ಲಬೇಕು’ ಅಂತ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಉದ್ದೇಶ ಒಳ್ಳೆಯದೇ. ಆದರೆ ಅದರಲ್ಲಿ ಎರಡು ಹಳೇ ಸುಳ್ಳುಗಳು ಮತ್ತೆ ಬಂದು ಕೂತಿವೆ. ಸುಮ್ನೆ ಇದ್ದುಬಿಡೋಣ ಅಂದುಕೊಂಡೆ, ಆಗಲಿಲ್ಲ. ಯಾಕೆಂದರೆ ಇದೇ ಎರಡನ್ನು ಆರೇಳು ವರ್ಷ ತರಬೇತಿ ಕ್ಲಾಸುಗಳಲ್ಲಿ ದಪ್ಪ ಅಕ್ಷರದಲ್ಲಿ ಸ್ಲೈಡಿಗೆ ಹಾಕಿ, ಎದುರು ಕೂತವರು ತಲೆಯಾಡಿಸುವುದನ್ನು ನೋಡಿ ಖುಷಿಪಟ್ಟವನು ನಾನು.

ಮೊದಲನೆಯದು ಗೋಲ್ಡ್‌ಫಿಶ್. ಮನುಷ್ಯನ ಗಮನ ನಿಲ್ಲುವುದು 8 ಸೆಕೆಂಡು, ಗೋಲ್ಡ್‌ಫಿಶ್‌ದು 9 ಅಂತೆ. ಈ ಲೆಕ್ಕದ ಹಿಂದೆ ನೆಚ್ಚಬಹುದಾದ ಯಾವ ಪ್ರಯೋಗವೂ ಇಲ್ಲ. ಒಬ್ಬರು ಬರೆದರು, ಹತ್ತು ಜನ ಎತ್ತಿಕೊಂಡರು, ಅಷ್ಟೇ. ರಾತ್ರಿ ಎರಡು ಗಂಟೆಯಾದರೂ ಕಾದಂಬರಿ ಕೆಳಗಿಡದೆ ಓದುವವರಿದ್ದಾರಲ್ಲ, ಅವರದ್ದೂ 8 ಸೆಕೆಂಡಿನ ಮಿದುಳೇನಾ?

ಎರಡನೆಯದು 7-38-55. ನಾವು ಆಡುವ ಪದಕ್ಕೆ ಶೇ 7ರಷ್ಟೇ ಬೆಲೆ, ದನಿಗೆ 38, ಉಳಿದ 55 ಮುಖ-ಮೈಯ ಹಾವಭಾವಕ್ಕೆ ಅಂತ. ಇದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಮಾಡಿದ ಪ್ರಯೋಗಗಳಿಂದ ಬಂದದ್ದು. ಅಲ್ಲಿ ಪ್ರೆಸೆಂಟೇಶನ್ನೂ ಇರಲಿಲ್ಲ, ಭಾಷಣವೂ ಇರಲಿಲ್ಲ. ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಮುಖದ ಫೋಟೋ ತೋರಿಸಿ, ಹೇಳುವವರಿಗೆ ಇಷ್ಟವೋ ಅಲ್ಲವೋ ಅಂತ ಊಹಿಸಲು ಹೇಳಿದ್ದರು. ಭಾವನೆ ಮತ್ತು ಇಷ್ಟಾನಿಷ್ಟದ ವಿಷಯ ಬಿಟ್ಟು ಬೇರೆ ಕಡೆ ಇದು ಅನ್ವಯಿಸುವುದಿಲ್ಲ ಅಂತ ಆಮೇಲೆ ಅವರೇ ಹೇಳಿದ್ದಾರೆ. ಪದಕ್ಕೆ ನಿಜಕ್ಕೂ ಶೇ 7ರಷ್ಟೇ ಬೆಲೆ ಇದ್ದರೆ ಗೊತ್ತಿಲ್ಲದ ಭಾಷೆಯ ಭಾಷಣವೂ ನಮಗೆ ಶೇ 93ರಷ್ಟು ಅರ್ಥವಾಗಬೇಕಿತ್ತು, ಅಲ್ವಾ?

ಜನ ಇದನ್ನೆಲ್ಲ ಯಾಕೆ ನಂಬುತ್ತಾರೆ ಅನ್ನುವುದಕ್ಕೂ ಒಂದು ಪ್ರಯೋಗ ಇದೆ, ನನಗೆ ತುಂಬ ಇಷ್ಟವಾದದ್ದು. 2008ರಲ್ಲಿ ಯೇಲ್ ವಿಶ್ವವಿದ್ಯಾಲಯದ ಡೀನಾ ವೈಸ್‌ಬರ್ಗ್ ಮತ್ತು ಜೊತೆಯವರು ಜನರಿಗೆ ಮನಸ್ಸು ಹೇಗೆ ಕೆಲಸ ಮಾಡುತ್ತದೆ ಅನ್ನುವ ಬಗ್ಗೆ ಕೆಲವು ವಿವರಣೆಗಳನ್ನು ಓದಲು ಕೊಟ್ಟರು. ಕೆಲವು ಸರಿಯಾದವು, ಕೆಲವು ಬರೀ ಸುತ್ತುಮಾತು. ಕೆಲವಕ್ಕೆ ಮಿದುಳಿನ ಸ್ಕ್ಯಾನ್ ಬಗ್ಗೆ ಏನೂ ಸಂಬಂಧವಿಲ್ಲದ ಒಂದು ಮಾತು ಸೇರಿಸಿದರು. ಅಷ್ಟಕ್ಕೇ ಸುತ್ತುಮಾತೂ ಜನರಿಗೆ ಚೆನ್ನಾಗಿ ಕಂಡಿತು. ನರವಿಜ್ಞಾನದ ಕ್ಲಾಸಿಗೆ ಹೋಗುತ್ತಿದ್ದ ವಿದ್ಯಾರ್ಥಿಗಳೂ ಮರುಳಾದರು, ಪರಿಣತರು ಮಾತ್ರ ಆಗಲಿಲ್ಲ. ಅಂದರೆ ಜನರನ್ನು ಒಪ್ಪಿಸಲು ಮಿದುಳು ಅನ್ನುವ ಪದವೇ ಸಾಕು, ವಿಜ್ಞಾನ ಬೇಕಾಗಿಲ್ಲ. ನನ್ನ ಕ್ಲಾಸುಗಳು ಯಾಕೆ ಚೆನ್ನಾಗಿ ಓಡಿದವು ಅಂತ ಇದನ್ನು ಓದಿದ ಮೇಲೆ ಗೊತ್ತಾಯಿತು.

ಹಾಗಂತ ಮಿದುಳಿನ ವಿಜ್ಞಾನದಿಂದ ನಮಗೆ ಏನೂ ಸಿಗುವುದಿಲ್ಲ ಅಂತಲ್ಲ. ಸಿಗುವುದು ಸ್ವಲ್ಪ ಸಪ್ಪೆ, ಅದಕ್ಕೇ ಯಾರೂ ಬರೆಯುವುದಿಲ್ಲ. ಹೋದ ತಿಂಗಳು ಒಂದು ಮೀಟಿಂಗಿನಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಪರದೆ ಮೇಲೆ ಹದಿನಾಲ್ಕು ಸಾಲು (ಬೇಜಾರಿಗೆ ಎಣಿಸಿದೆ). ಹೇಳುವವರು ನಮಗೆ ಬೆನ್ನು ಹಾಕಿ ಮೂರನೇ ಸಾಲು ಓದುತ್ತಿದ್ದರು, ನಾವು ಆಗಲೇ ಹದಿನಾಲ್ಕನ್ನೂ ಮುಗಿಸಿ ಫೋನ್ ತೆಗೆದಿದ್ದೆವು. ಲೇಸರಿನ ಕೆಂಪು ಚುಕ್ಕೆ ಮಾತ್ರ ಒಂಟಿಯಾಗಿ ಆ ಸಾಲುಗಳ ಮೇಲೆ ನಡುಗುತ್ತಾ ಓಡಾಡುತ್ತಿತ್ತು. ಅವರ ಮಾತು ಯಾಕೆ ಕಿವಿಗೆ ಬೀಳಲಿಲ್ಲ ಅಂದರೆ, ಮನಸ್ಸಿನೊಳಗೆ ಓದುವಾಗಲೂ ನಾವು ಒಂದು ಒಳದನಿಯಲ್ಲೇ ಓದುತ್ತೇವೆ. ಮನಶ್ಶಾಸ್ತ್ರಜ್ಞರಾದ ಅಲನ್ ಬ್ಯಾಡ್‌ಲಿ ಮತ್ತು ಗ್ರಹಾಂ ಹಿಚ್ 1974ರಿಂದ ಕಟ್ಟಿಕೊಂಡು ಬಂದ ನೆನಪಿನ ಮಾದರಿಯ ಪ್ರಕಾರ ಕೇಳಿದ ಮಾತು, ಓದಿದ ಮಾತು ಎರಡೂ ಒಂದೇ ಕಿರಿದಾದ ದಾರಿಯಲ್ಲಿ ನುಗ್ಗಬೇಕು. ಚಿತ್ರಕ್ಕೆ ಬೇರೆ ದಾರಿ ಇದೆ. ಅದಕ್ಕೇ ಚಿತ್ರ ತೋರಿಸಿ ಮಾತಾಡಿದರೆ ತೊಂದರೆಯಿಲ್ಲ, ಬರಹ ತೋರಿಸಿ ಮಾತಾಡಿದರೆ ಎರಡೂ ಕೆಡುತ್ತವೆ. ಇನ್ನು ಒಂದು ಹೊತ್ತಿಗೆ ತಲೆಯಲ್ಲಿ ಹಿಡಿದಿಟ್ಟುಕೊಳ್ಳುವುದು ಎಷ್ಟು? 1956ರಲ್ಲಿ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ ಏಳು ವಿಷಯದ ಆಸುಪಾಸು ಅಂದಿದ್ದರು, 2001ರಲ್ಲಿ ಇನ್ನೊಬ್ಬ ಮನಶ್ಶಾಸ್ತ್ರಜ್ಞ ನೆಲ್ಸನ್ ಕವನ್ ಅದನ್ನು ನಾಲ್ಕರ ಆಸುಪಾಸಿಗೆ ಇಳಿಸಿದರು. ಹದಿನಾಲ್ಕು ಅಂತೂ ಯಾರೂ ಹೇಳಿಲ್ಲ.

ಸ್ಲೈಡ್ ತುಂಬಿಸುವುದು ಬರೀ ಬೇಜಾರಿನ ವಿಷಯ ಅಂದುಕೊಂಡವರಿಗೆ ಕೊಲಂಬಿಯಾ ನೆನಪಿಸುತ್ತೇನೆ. 2003ರ ಜನವರಿ 16ರಂದು ಆ ಬಾಹ್ಯಾಕಾಶ ನೌಕೆ ಮೇಲೇರುವಾಗ ಫೋಮಿನ ತುಂಡೊಂದು ಕಿತ್ತುಬಂದು ಎಡ ರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಮೇಲಿರುವಾಗಲೇ ಎಂಜಿನಿಯರುಗಳು ಅಪಾಯ ಅಂದಾಜು ಮಾಡಿ ಸ್ಲೈಡುಗಳಲ್ಲಿ ತೋರಿಸಿದರು. ಒಂದು ಸ್ಲೈಡಿನ ತಲೆಬರಹ ಓದಿದರೆ ಭಯಪಡುವಂಥದ್ದೇನಿಲ್ಲ ಅನ್ನಿಸುತ್ತದೆ. ಅದರ ಕೆಳಗೆ ಬುಲೆಟ್, ಬುಲೆಟ್ಟಿನ ಒಳಗೆ ಬುಲೆಟ್. ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ ಎರಡು ಸಂಖ್ಯೆ: ತುಂಡಿನ ಗಾತ್ರ 1920 ಘನ ಇಂಚು, ಹಿಂದೆ ಬಡಿತದ ಪರೀಕ್ಷೆ ನಡೆದದ್ದು 3 ಘನ ಇಂಚಿನ ತುಂಡಿನಿಂದ. 640 ಪಟ್ಟು ವ್ಯತ್ಯಾಸ! ಅಂದರೆ ಮೇಲೆ ಕೊಟ್ಟ ಧೈರ್ಯಕ್ಕೆಲ್ಲ ಆಧಾರವೇ ಇರಲಿಲ್ಲ, ಆ ಮಾತು ಸ್ಲೈಡಿನ ತಳದಲ್ಲಿ ಬಿದ್ದಿತ್ತು. ಫೆಬ್ರವರಿ 1ರಂದು ವಾಪಸ್ ಬರುವಾಗ ನೌಕೆ ಒಡೆದು ಕಲ್ಪನಾ ಚಾವ್ಲಾ ಸೇರಿ ಏಳೂ ಜನ ತೀರಿಕೊಂಡರು. ಸ್ಲೈಡೇ ಕಾರಣ ಅಂತ ನಾನು ಹೇಳುತ್ತಿಲ್ಲ, ಕಾರಣ ಹಲವು. ಆದರೆ ತನಿಖಾ ಮಂಡಳಿ ತನ್ನ ವರದಿಯಲ್ಲಿ ಈ ಸ್ಲೈಡನ್ನೇ ಅಚ್ಚುಹಾಕಿ, ಹೀಗೆ ಮುಖ್ಯ ವಿಷಯ ಮುಚ್ಚಿಹೋಗುವುದನ್ನು ಎತ್ತಿ ತೋರಿಸಿತು.

ಕತೆ ಹೇಳಿ ಅನ್ನುವ ನಿಮ್ಮ ಲೇಖಕರ ಸಲಹೆ ಮಾತ್ರ ನನಗೆ ಒಪ್ಪಿಗೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಊರಿ ಹ್ಯಾಸನ್ ತಂಡ 2010ರಲ್ಲಿ ಕತೆ ಹೇಳುವವರನ್ನೂ ಕೇಳುವವರನ್ನೂ ಸ್ಕ್ಯಾನ್ ಮಾಡಿ ನೋಡಿತು. ಕೇಳುಗರ ಮಿದುಳಿನ ಏರಿಳಿತ ಹೇಳುವವರದ್ದನ್ನೇ ತುಸು ತಡವಾಗಿ ಹಿಂಬಾಲಿಸುತ್ತಿತ್ತು, ಅರ್ಥವಾದಷ್ಟೂ ಹೊಂದಿಕೆ ಜಾಸ್ತಿ. ಆದರೆ ಕೇಳುಗರಿಗೆ ಬಾರದ ರಷ್ಯನ್ ಭಾಷೆಯಲ್ಲಿ ಕತೆ ಹೇಳಿದಾಗ ಆ ಹೊಂದಿಕೆ ಹೋಯಿತು. ಶೇ 7ರ ಪದಗಳಿಗೆ ಇದಕ್ಕಿಂತ ಮರ್ಯಾದೆ ಬೇಕೇ?

ನಾನು ಈಗ ಮಾಡುವುದು ಇಷ್ಟೇ. ಒಂದು ಸ್ಲೈಡಿಗೆ ಒಂದೇ ವಿಷಯ. ಉಳಿದ ವಿವರ ಕಾಗದದಲ್ಲಿ ಬರೆದು ಕೈಗೆ ಕೊಡುತ್ತೇನೆ. ಮುಖ್ಯ ಮಾತು ಬಂದಾಗ ಕೀಬೋರ್ಡಿನ ‘ಬಿ’ ಒತ್ತುತ್ತೇನೆ, ಪವರ್‌ಪಾಯಿಂಟಿನಲ್ಲಿ ಪರದೆ ಕಪ್ಪಾಗುತ್ತದೆ. ಮೊದಲ ಸಲ ಒತ್ತಿದಾಗ ಪ್ರೊಜೆಕ್ಟರ್ ಕೆಟ್ಟಿತು ಅಂತ ಯಾರೋ ವೈರ್ ನೋಡಲು ಎದ್ದರು. ಆಮೇಲೆ ಎಲ್ಲರ ಮುಖ ನನ್ನ ಕಡೆ ತಿರುಗಿತು. ನಿಜ ಹೇಳಬೇಕೆಂದರೆ ನನಗೇ ಸ್ವಲ್ಪ ಭಯವಾಯಿತು, ಅಷ್ಟು ಕಣ್ಣು ಒಟ್ಟಿಗೆ ನೋಡಿ ಅಭ್ಯಾಸವಿರಲಿಲ್ಲ.

ಸಾಧ್ಯವಾದರೆ ಆ ಗೋಲ್ಡ್‌ಫಿಶ್ ಬಗ್ಗೆ ಒಂದು ಸಣ್ಣ ತಿದ್ದುಪಡಿ ಹಾಕಿ. ನನ್ನ ಹಳೇ ಕ್ಲಾಸಿನವರಲ್ಲಿ ಕೆಲವರಾದರೂ ನಿಮ್ಮ ಪತ್ರಿಕೆ ಓದುತ್ತಿರಬಹುದು.

ಇಂತಿ,
ಒಬ್ಬ ಓದುಗ