ಈ ಸಲದ ಓದು: ಮಾನ-ಮರ್ಯಾದೆಯೇ ಬಂಡವಾಳವಾಗಿದ್ದ ರಾಜಕಾರಣ

ಆತ್ಮೀಯ ಸದಸ್ಯರೇ,

ಮುಂದಿನ ಚರ್ಚೆಗೆ ಯೇಲ್ ವಿಶ್ವವಿದ್ಯಾಲಯದ ಇತಿಹಾಸಕಾರರಾದ ಜೊಆನ್ ಫ್ರೀಮನ್ ಅವರು 2001ರಲ್ಲಿ ಪ್ರಕಟಿಸಿದ ‘ಅಫೇರ್ಸ್ ಆಫ್ ಆನರ್’ (Affairs of Honor) ಕೃತಿಯನ್ನು ಆರಿಸಿಕೊಂಡಿದ್ದೇವೆ. ಅಮೆರಿಕದ ಮೊದಲ ಮೂವರು ಅಧ್ಯಕ್ಷರಾದ ವಾಷಿಂಗ್ಟನ್, ಆಡಮ್ಸ್, ಜೆಫರ್ಸನ್ ಅವರ ಕಾಲದಲ್ಲಿ ಪಕ್ಷಗಳು ಇನ್ನೂ ಬೇರೂರಿರದಿದ್ದುದರಿಂದ ರಾಜಕಾರಣಿಯ ಮಾನ-ಮರ್ಯಾದೆಯೇ ಅವನ ಬಂಡವಾಳವಾಗಿತ್ತೆಂದೂ, ಗಾಳಿಮಾತು, ಕರಪತ್ರ, ಕೊನೆಗೆ ದ್ವಂದ್ವಯುದ್ಧವೂ ಅಂದಿನ ರಾಜಕೀಯದ ಸಾಧನಗಳೇ ಆಗಿದ್ದವೆಂದೂ ಅವರು ಪತ್ರ, ದಿನಚರಿಗಳ ಆಧಾರದಿಂದ ತೋರಿಸುತ್ತಾರೆ. 1800ರ ಅಧ್ಯಕ್ಷೀಯ ಚುನಾವಣೆಯಲ್ಲಿ ಜೆಫರ್ಸನ್ ಮತ್ತು ಆರನ್ ಬರ್ ರಾಜ್ಯಗಳ ಮತದಾರ-ಪ್ರತಿನಿಧಿಗಳಿಂದ (ಎಲೆಕ್ಟರ್‌ಗಳಿಂದ) ತಲಾ 73 ಮತ ಪಡೆದು, ಪ್ರತಿನಿಧಿ ಸಭೆಯ 36ನೆಯ ಸುತ್ತಿನ ಮತದಾನದಲ್ಲಷ್ಟೇ ತೀರ್ಮಾನವಾದದ್ದನ್ನೂ, 1804ರಲ್ಲಿ ಉಪಾಧ್ಯಕ್ಷನಾಗಿದ್ದಾಗಲೇ ಬರ್ ಮಾಜಿ ಖಜಾನೆ ಕಾರ್ಯದರ್ಶಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ನರನ್ನು ದ್ವಂದ್ವಯುದ್ಧದಲ್ಲಿ ಗುಂಡಿಟ್ಟು ಕೊಂದದ್ದನ್ನೂ ಈ ಬೆಳಕಿನಲ್ಲಿ ಓದಿದಾಗ ಅವು ಬರಿಯ ವೈಯಕ್ತಿಕ ಹಗೆಯಾಗಿ ಕಾಣುವುದಿಲ್ಲ.

ಅಮೆರಿಕದ ಮೊದಲ ಸೆನೆಟ್ಟಿನ ಸದಸ್ಯರಾಗಿದ್ದ ವಿಲಿಯಂ ಮೆಕ್ಲೇ ಅವರ ದಿನಚರಿಯನ್ನು ಆಧರಿಸಿದ ಮೊದಲ ಅಧ್ಯಾಯವನ್ನು ದಯವಿಟ್ಟು ನಿಧಾನವಾಗಿ ಓದಿ ಬನ್ನಿ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದೇ.