ಮೊಲ ತರುವ ಮುಂಚೆ ಇದನ್ನು ಓದಿ

ಎಲ್ಲರಿಗೂ ನಮಸ್ಕಾರ. ಬೇಸಿಗೆ ರಜೆಗೆ ಮಕ್ಕಳಿಗೆ ಮೊಲ ತರೋಣ ಅಂತ ನಿನ್ನೆ ಮೂರ್ನಾಲ್ಕು ಜನ ಇಲ್ಲಿ ಬರೆದಿದ್ದಿರಿ, ಅದಕ್ಕೇ ಇದು. ನಮ್ಮನೆ ಮೊಲಕ್ಕೆ ಈಗ 6 ವರ್ಷ. ಚೆನ್ನಾಗಿ ನೋಡಿಕೊಂಡರೆ 8ರಿಂದ 12 ವರ್ಷ ಬದುಕುತ್ತದೆ, ಅಂದರೆ ಇವತ್ತು ಹಟ ಹಿಡಿದಿರುವ ಮಗು ಕಾಲೇಜು ಸೇರಿದಾಗಲೂ ಅದು ನಿಮ್ಮ ಜೊತೆಗೇ ಇರಬಹುದು.

ಮೊದಲು ನಾನೂ ಬರೀ ಕ್ಯಾರೆಟ್ ಹಾಕುತ್ತಿದ್ದೆ. ಅದರಲ್ಲಿ ಸಕ್ಕರೆ ಜಾಸ್ತಿ. ಮುಖ್ಯವಾಗಿ ಬೇಕಿರುವುದು ಒಣಹುಲ್ಲು, ಮೊಲದ ಹಲ್ಲು ಕೊನೇ ತನಕ ಬೆಳೆಯುತ್ತಲೇ ಇರುತ್ತದೆ, ಹುಲ್ಲು ಅಗಿದರೇ ಅದು ಸವೆಯುವುದು.

ಇನ್ನೊಂದು ವಿಷಯ. ಮೊಲ ನೋವನ್ನು ಬಚ್ಚಿಡುತ್ತದೆ, ಕಾಡಿನಲ್ಲಿ ಸೋತದ್ದನ್ನೇ ಅಲ್ವಾ ಬೇಟೆಯಾಡುವ ಪ್ರಾಣಿ ಮೊದಲು ಹಿಡಿಯುವುದು. ಒಂದು ರಾತ್ರಿ ನಮ್ಮದು ಮೂಲೆಯಲ್ಲಿ ಸುಮ್ನೆ ಕೂತಿತ್ತು, ನಿದ್ದೆ ಅಂದುಕೊಂಡೆ. ಬೆಳಿಗ್ಗೆ ನೋಡಿದರೆ ಹುಲ್ಲು ಹಾಗೇ ಇತ್ತು, ಹಿಕ್ಕೆಯೂ ಇಲ್ಲ, ಪಶುವೈದ್ಯರ ಹತ್ತಿರ ಓಡಿದೆವು, ಹೇಗೋ ಉಳಿಯಿತು. ಆಮೇಲಿಂದ ಅಮ್ಮ "ನನಗೇನೂ ಆಗಿಲ್ಲ, ಊಟ ಬೇಡ ಅಷ್ಟೇ" ಅಂದರೆ ಪಕ್ಕದಲ್ಲಿ ಕೂತು ಮತ್ತೆ ಕೇಳುತ್ತೇನೆ.

ಮೊಲ ಹತ್ತು ಹನ್ನೆರಡು ಗಂಟೆ ಏನೂ ತಿನ್ನದಿದ್ದರೆ ನಾಳೆ ನೋಡೋಣ ಅನ್ನಬೇಡಿ, ತಕ್ಷಣ ಪಶುವೈದ್ಯರ ಹತ್ತಿರ ಹೋಗಿ. ತರುವ ಮುಂಚೆ ಒಂದು ಭಾನುವಾರ ಮಕ್ಕಳನ್ನು ನಮ್ಮನೆಗೆ ಕರೆತನ್ನಿ, ಪಂಜರ ಅವರೇ ತೊಳೆದು ನೋಡಲಿ.