ಅಡುಗೆಮನೆಯ ಆ ರಾತ್ರಿ

ಮಂಗಳೂರು

ಪ್ರೀತಿಯ ಮಗಳೇ,

ಕಚೇರಿಯಲ್ಲಿ ಸಹೋದ್ಯೋಗಿಯೊಬ್ಬರನ್ನು ಜಾತಿಯೆತ್ತಿ ಹೀಯಾಳಿಸಿದಾಗ ನೀನು ಎದುರಾಡಲಾರದೆ ಸುಮ್ಮನಿದ್ದುದನ್ನೂ, ಆ ರಾತ್ರಿ ನಿದ್ರೆ ಬಾರದಿದ್ದುದನ್ನೂ ಫೋನಿನಲ್ಲಿ ಹೇಳಿದಾಗ ನನಗೆ ತಕ್ಷಣ ಮಾತು ಹೊರಡಲಿಲ್ಲ. ಹೇಳಬೇಕಾದದ್ದು ನನಗೇ ತಿಳಿಯಲು ಅರುವತ್ತು ವರ್ಷ ಹಿಡಿದಿರುವುದರಿಂದ ಬರೆದೇ ತಿಳಿಸುತ್ತಿದ್ದೇನೆ.

ಕಾಲೇಜಿನ ದಿನಗಳಲ್ಲಿ ಇಲ್ಲಿನ ಪುರಭವನದ ಭಾಷಣ ಸ್ಪರ್ಧೆಯೊಂದರಲ್ಲಿ, ಅಮೆರಿಕದ ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಅವರು 1963ರಲ್ಲಿ ವಾಷಿಂಗ್ಟನ್ನಿನಲ್ಲಿ ಮಾಡಿದ ಭಾಷಣವನ್ನು ಬಾಯಿಪಾಠ ಒಪ್ಪಿಸಿ ನಾನು ಬಹುಮಾನ ಪಡೆದಿದ್ದೆ. (ದಲಿತ ಮಕ್ಕಳಿಗೆ ಶಾಲೆ ತೆರೆದು ಸ್ವಜಾತಿಯವರ ಬಹಿಷ್ಕಾರ ಉಂಡ ಕುದ್ಮುಲ್ ರಂಗರಾಯರ ಹೆಸರನ್ನು ಈಗ ಹೊತ್ತಿರುವುದು ಅದೇ ಪುರಭವನ; ಅವರು ಯಾರೆಂಬುದೂ ನನಗಾಗ ಗೊತ್ತಿರಲಿಲ್ಲ.) ಕಿಂಗ್ ಅವರ ಮಾತಿನಲ್ಲಿ ಬರುವ ದೇವರು ಪಾದ್ರಿಯೊಬ್ಬರ ವೃತ್ತಿಯ ರೂಢಿಯಷ್ಟೇ ಎಂದು ಭಾವಿಸಿದ್ದೆ.

ಕಳೆದ ಆಟಿ ತಿಂಗಳಲ್ಲಿ ನಿನ್ನ ಅಮ್ಮ ಆಸ್ಪತ್ರೆಯಲ್ಲಿದ್ದಾಗ, ಮಳೆ ಹೊಯ್ಯುವ ನಡುರಾತ್ರಿ ಒಬ್ಬನೇ ಕಷಾಯ ಕುದಿಸುತ್ತಾ ನಿಂತವನಿಗೆ, ಎಂದೋ ಓದಿ ಮರೆತಿದ್ದ ಅವರ ಇನ್ನೊಂದು ರಾತ್ರಿ ನೆನಪಾಯಿತು. 1956ರ ಜನವರಿ, ಅಮೆರಿಕದ ಮಾಂಟ್ಗೊಮರಿ ನಗರದಲ್ಲಿ, ಬಸ್ಸುಗಳಲ್ಲಿನ ವರ್ಣಭೇದದ ವಿರುದ್ಧ ಕಪ್ಪು ಜನರು ಬಸ್ ಹತ್ತದೆ ನಡೆಸಿದ ಬಹಿಷ್ಕಾರ ಆರಂಭವಾಗಿ ಇನ್ನೂ ಎರಡು ತಿಂಗಳೂ ತುಂಬಿರಲಿಲ್ಲ. ಇಪ್ಪತ್ತೇಳರ ಹರೆಯದ ಕಿಂಗ್, ಕೊಲೆ ಬೆದರಿಕೆಯ ಫೋನು ಬಂದ ಮೇಲೆ ಮಲಗಲಾರದೆ ಎದ್ದು ಕಾಫಿ ಮಾಡಿಕೊಂಡು, ಅದನ್ನು ಕುಡಿಯದೆ ಮೇಜಿನ ಮೇಲೆ ತಲೆಯಿಟ್ಟು, ತಾನು ಹೆದರಿದ್ದೇನೆ, ತನ್ನಲ್ಲಿ ಶಕ್ತಿ ಉಳಿದಿಲ್ಲ ಎಂದು ದೇವರೆದುರು ಬಾಯಿಬಿಟ್ಟು ಹೇಳಿಕೊಂಡರು. ನ್ಯಾಯದ ಪರ ನಿಲ್ಲು ಎಂಬ ಒಳದನಿಯೊಂದು ಆಗ ತನಗೆ ಕೇಳಿಸಿತೆಂದು ಮುಂದೆ ಅವರೇ ಬರೆದಿದ್ದಾರೆ. ಮೂರೇ ದಿನಗಳಲ್ಲಿ, ಹೆಂಡತಿ ಮತ್ತು ಹಸುಗೂಸು ಒಳಗಿದ್ದಂತೆಯೇ, ಮನೆಯ ಜಗಲಿಯಲ್ಲಿ ಬಾಂಬು ಸಿಡಿಯಿತು. ಆಯುಧ ಹಿಡಿದು ನೆರೆದ ತಮ್ಮವರನ್ನು, ವೈರಿಗಳನ್ನು ಪ್ರೀತಿಸಬೇಕೆಂದು ಹೇಳಿ ಅವರು ಮನೆಗೆ ಕಳುಹಿಸಿದರು. ಬಹಿಷ್ಕಾರ 381 ದಿನ ನಡೆಯಿತು.

ಪುರಭವನದಲ್ಲಿ ನಾನು ಒಪ್ಪಿಸಿದ್ದು ಧೈರ್ಯದ ಮಾತುಗಳನ್ನು ಮಾತ್ರ. ಅವುಗಳ ಹಿಂದೆ ಹೀಗೆ ಸೋತು ಕುಳಿತ ಒಂದು ರಾತ್ರಿ ಇತ್ತೆಂಬುದು ಹೊಳೆದದ್ದು ನಾನೂ ಹೆದರಿ ನಿಂತಾಗಲೇ. ನನಗೆ ಯಾವ ದನಿಯೂ ಕೇಳಿಸಲಿಲ್ಲ, ಸುಳ್ಳು ಹೇಳಲಾರೆ. ಆದರೆ ಹೆದರಿದ್ದೇನೆಂದು ಗಟ್ಟಿಯಾಗಿ ಹೇಳಿಕೊಂಡ ಬಳಿಕ ಬೆಳಗಿನ ತನಕ ಕೈ ನಡುಗಲಿಲ್ಲ.

ನೀನು ಆ ಸಹೋದ್ಯೋಗಿಯ ಬಳಿ ಹೋಗಿ, ಅಂದು ಹೆದರಿ ಸುಮ್ಮನಾದೆನೆಂದು ಒಮ್ಮೆ ಹೇಳಿ ನೋಡು. ಉಳಿದದ್ದನ್ನು ನವರಾತ್ರಿಗೆ ಬಂದಾಗ ಮಾತಾಡೋಣ. ಅಮ್ಮ ಈಗ ಚೆನ್ನಾಗಿ ನಡೆದಾಡುತ್ತಿದ್ದಾಳೆ.

ಇತಿ,
ನಿನ್ನ ಅಪ್ಪ